‘ಅಣ್ಣಾ, ಇಪ್ಪತ್ಮೂರು ಬಂತು’: ಡೇಟಾಬೇಸ್ ಲಾಗ್‌ಗೆ ಎರರ್ ಕೋಡ್ ಸೇರಿಸೋಕೆ ಯಾವ ದಾರಿ ಯಾರಿಗೆ?

ಕಾಫಿ ಸೀಸನ್‌ನಲ್ಲಿ ಸಂಜೆ ಆರು ಗಂಟೆ ಅಂದರೆ ನನಗೆ ಫೋನ್ ಬರುವ ಹೊತ್ತು. ತೋಟಗಳಿಂದ ಜೀಪು, ಪಿಕಪ್ ಎಲ್ಲ ಡಿಪೋ ಮುಂದೆ ಸಾಲು ನಿಂತಿರುತ್ತವೆ. ಒಂದು ಕಡೆ ಮೂಟೆ ತೂಕ ನಡೆಯುತ್ತಿರುತ್ತದೆ, ಇನ್ನೊಂದು ಕಡೆ ಎಸ್ಟೇಟ್ ರೈಟರ್ ಚೀಟಿ ಹಿಡಿದು ಬಿಲ್‌ಗೆ ಕಾಯುತ್ತಿರುತ್ತಾರೆ. ಸರಿಯಾಗಿ ಆ ಹೊತ್ತಿಗೇ ಬಿಲ್ ಹಾಕುವ ಹುಡುಗನ ಸ್ಕ್ರೀನ್ ಮೇಲೆ ಕೆಂಪು ಡಬ್ಬಿ ಬರುತ್ತದೆ.

“ಅಣ್ಣಾ, ಏನೋ ಎರರ್ ಬಂತು.”

“ಏನಂತ ಬಂತಪ್ಪ?”

“ಇಂಗ್ಲಿಷಲ್ಲಿ ಉದ್ದಕ್ಕೆ ಏನೋ ಇತ್ತು. ಓಕೆ ಒತ್ತಿಬಿಟ್ಟೆ.”

ಮುಗಿಯಿತು. ಇನ್ನು ಸರ್ವರ್ ತನ್ನ ಆಗುಹೋಗುಗಳನ್ನು ಸಾಲುಸಾಲಾಗಿ ಬರೆದಿಡುವ ಲಾಗ್ ಫೈಲೇ ಗತಿ. ಹಾಸನದ ಬಿ.ಎಂ. ರಸ್ತೆಯ ಒಂದು ಚಿಕ್ಕ ಆಫೀಸಿನಲ್ಲಿ ಕೂತು ಕಾಫಿ ಕೊಳ್ಳುವವರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಡಿಪೋಗಳು ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಇವೆ. ಎಲ್ಲಕ್ಕೂ ಸೇರಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಒಂದೇ ಸರ್ವರ್. ಅದರ ಲಾಗ್‌ನಲ್ಲಿ ಎರರ್ ಕೋಡ್ ಬರುವ ಹಾಗೆ ಮಾಡಲು ನಾಲ್ಕು ದಾರಿ ಇವೆ. ನಾಲ್ಕನ್ನೂ ಬಳಸಿ ನೋಡಿದ್ದೇನೆ, ಒಂದರಲ್ಲಿ ಕೈ ಸುಟ್ಟುಕೊಂಡೂ ಇದ್ದೇನೆ. ಯಾವುದು ಯಾರಿಗೆ ಒಗ್ಗುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಒಂದು ಮಾತು: ಸೆಟ್ಟಿಂಗ್ ಹೆಸರು, ಕೋಡಿನ ಅಕ್ಷರ ಎಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಸೆಟ್ಟಿಂಗ್ ಹೆಸರಿಗೆ, % ಪಕ್ಕದ ಅಕ್ಷರಕ್ಕೆ ಸಣ್ಣ ಅಕ್ಷರ, ಎರರ್ ಕೋಡಿಗೆ ದೊಡ್ಡ ಅಕ್ಷರ.

ಪದ ಹುಡುಕಿದರೆ ಸಾಲದಾ?

ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಲಾಗ್‌ನಲ್ಲಿ ಮೆಸೇಜ್ ಇದೆ, ಪದ ಹುಡುಕಲು ಗ್ರೆಪ್ ಕಮಾಂಡ್ ಇದೆ, ಇನ್ನೇನು ಬೇಕು ಅಂತ.

ಆಮೇಲೆ ಒಂದು ಡಿಪೋಗೆ ಹೊಸ ಡಿಜಿಟಲ್ ತೂಕದ ಯಂತ್ರ ಬಂತು. ಅದು ಅಂಕಿಯ ಜೊತೆಗೆ ‘ಕೆಜಿ’ ಅನ್ನುವ ಅಕ್ಷರಗಳನ್ನೂ ಕಳಿಸುತ್ತಿತ್ತು. 52.4 ಅನ್ನುವ ಬದಲು 52.4ಕೆಜಿ. ಪೋಸ್ಟ್‌ಗ್ರೆಸ್ ಅದನ್ನು ಅಂಕಿ ಅಂತ ಒಪ್ಪಲಿಲ್ಲ. ‘ಇನ್‌ವ್ಯಾಲಿಡ್ ಇನ್‌ಪುಟ್ ಸಿಂಟ್ಯಾಕ್ಸ್ ಫಾರ್ ಟೈಪ್ ನ್ಯೂಮರಿಕ್’ ಅಂತ ಬೈದು, ಕೊನೆಗೆ ಬಂದ ಮೌಲ್ಯವನ್ನೂ ಅಂಟಿಸಿತು. ಯಾವ ಮೆಸೇಜ್ ಎಷ್ಟು ಸಲ ಬಂದಿದೆ ಅಂತ ಎಣಿಸಲು ಹೋದೆ. ಪ್ರತಿ ಮೂಟೆಯ ತೂಕ ಬೇರೆ, ಹಾಗಾಗಿ ಪ್ರತಿ ಸಾಲೂ ಬೇರೆ. ಪರದೆ ತುಂಬ ಒಂದು, ಒಂದು, ಒಂದು. ಯಾವುದೂ ಜಾಸ್ತಿ ಸಲ ಬಂದಂತೆ ಕಾಣಲೇ ಇಲ್ಲ. ಕೋಡ್ ಇದ್ದಿದ್ದರೆ ಅಷ್ಟೂ ಸೇರಿ ಒಂದೇ ಸಾಲು ಆಗುತ್ತಿತ್ತು: 22ಪಿ02.

ಎರಡನೆಯದು, ಮೆಸೇಜಿನ ಪದಗಳು ಬದಲಾಗುತ್ತವೆ. ಪೋಸ್ಟ್‌ಗ್ರೆಸ್ 10ರವರೆಗೆ ಟೇಬಲ್ ಮೇಲೆ ಅನುಮತಿ ಇಲ್ಲದಿದ್ದರೆ ‘ಪರ್ಮಿಷನ್ ಡಿನೈಡ್ ಫಾರ್ ರಿಲೇಷನ್’ ಅಂತ ಬರುತ್ತಿತ್ತು. 11ರಿಂದ ‘ಫಾರ್ ಟೇಬಲ್’ ಆಯಿತು. ಹಳೆಯ ಪದ ಹುಡುಕುವ ಸ್ಕ್ರಿಪ್ಟ್ ಇಟ್ಟುಕೊಂಡವರಿಗೆ ಅಪ್‌ಗ್ರೇಡ್ ಆದಮೇಲೆ ಆ ತೊಂದರೆಯೇ ಇಲ್ಲ ಅನ್ನಿಸಿರಬೇಕು! ಕೋಡ್ ಮಾತ್ರ ಆಗಲೂ 42501, ಈಗಲೂ 42501.

ಮೂರನೆಯದು ಭಾಷೆ. ಎಲ್‌ಸಿ_ಮೆಸೇಜಸ್ ಅನ್ನುವ ಸೆಟ್ಟಿಂಗ್ ಪ್ರಕಾರ ಪೋಸ್ಟ್‌ಗ್ರೆಸ್ ಮೆಸೇಜನ್ನು ಬೇರೆ ಬೇರೆ ಭಾಷೆಯಲ್ಲಿ ಬರೆಯಬಲ್ಲದು. ‘ಎರರ್’ ಅನ್ನುವ ಪದ ಕೂಡ ಅನುವಾದ ಆಗಿಬಿಡುತ್ತದೆ. ಕೋಡಿಗೆ ಮಾತ್ರ ಯಾವ ಭಾಷೆಯೂ ಇಲ್ಲ.

ಐದು ಅಕ್ಷರ, ಅದರಲ್ಲಿ ಮೊದಲೆರಡು ಮನೆತನ

ಈ ಕೋಡಿಗೆ ಎಸ್‌ಕ್ಯೂಎಲ್‌ಸ್ಟೇಟ್ ಅಂತ ಹೆಸರು. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಿಂದ ಬಂದದ್ದು. ಪೋಸ್ಟ್‌ಗ್ರೆಸ್‌ಗೆ 2003ರ 7.4ನೇ ಆವೃತ್ತಿಯಿಂದಲೇ ಇದೆ. ಐದೇ ಅಕ್ಷರ. ಮೊದಲ ಎರಡು ಅಕ್ಷರ ಅದು ಯಾವ ಮನೆತನದ್ದು ಅಂತ ಹೇಳುತ್ತವೆ. ಉಳಿದ ಮೂರು ಆ ಮನೆಯಲ್ಲಿ ಯಾರು ಅಂತ.

ಇಡೀ ಪಟ್ಟಿ ಬಾಯಿಪಾಠ ಬೇಕಿಲ್ಲ. ಕೆಲವು ಮನೆತನ ಗೊತ್ತಿದ್ದರೆ ಸಾಕು. 23 ಅಂದರೆ ಡೇಟಾದ ನಿಯಮ ಮುರಿದಿದೆ. ಅದರಲ್ಲಿ 23505 ಅಂದರೆ ಇದ್ದದ್ದೇ ಮತ್ತೆ ಬಂತು, 23503 ಅಂದರೆ ಫಾರಿನ್ ಕೀ, ಅಂದರೆ ಎರಡು ಟೇಬಲ್‌ಗಳ ನಡುವಿನ ಕೊಂಡಿ, ತಪ್ಪಿದೆ. 22 ಅಂದರೆ ಡೇಟಾದ ರೂಪವೇ ಸರಿ ಇಲ್ಲ. 42 ಬಂದರೆ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಬರೆದವನೇ ತಪ್ಪು ಮಾಡಿದ್ದಾನೆ, ಅಂದರೆ ಹೆಚ್ಚಾಗಿ ನಾನೇ. ಇಲ್ಲದ ಟೇಬಲ್ ಕೇಳಿದರೆ 42ಪಿ01, ಇಲ್ಲದ ಕಾಲಮ್ ಕೇಳಿದರೆ 42703. 40 ಅಂದರೆ ಟ್ರಾನ್ಸಾಕ್ಷನ್ ವಾಪಸ್ ಹೋಗಿದೆ, ಇನ್ನೊಂದು ಸಲ ಮಾಡಿ ನೋಡಬಹುದು. ಇಬ್ಬರು ಒಬ್ಬರಿಗೊಬ್ಬರು ಅಡ್ಡ ನಿಂತು ಕಾಯುವ ಡೆಡ್‌ಲಾಕ್‌ನ 40ಪಿ01 ಇಲ್ಲೇ ಸಿಗುತ್ತದೆ. 28 ಅಂದರೆ ಲಾಗಿನ್ ಗಲಾಟೆ. 53 ಅಂದರೆ ಸರ್ವರ್‌ನಲ್ಲಿ ಜಾಗವೋ ಮೆಮೊರಿಯೋ ಕನೆಕ್ಷನ್ನೋ ಮುಗಿದಿದೆ: ಡಿಸ್ಕ್ ತುಂಬಿದರೆ 53100, ಕನೆಕ್ಷನ್ ಜಾಸ್ತಿ ಆದರೆ 53300. ಎಕ್ಸ್‌ಎಕ್ಸ್ ಶುರುವಿನದು ಬಂದರೆ ಚಹಾ ಲೋಟ ಕೆಳಗಿಟ್ಟು ಎದ್ದು ಕೂರಬೇಕು. ಪೋಸ್ಟ್‌ಗ್ರೆಸ್‌ನ ಒಳಗಡೆಯೇ ಏನೋ ಆಗಿದೆ, ಎಕ್ಸ್‌ಎಕ್ಸ್001 ಆದರೆ ಡೇಟಾವೇ ಕೆಟ್ಟಿದೆ ಅಂತ ಅರ್ಥ.

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಮಾತ್ರ 08006. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟು, ನೆಟ್ ಎರಡೂ ಹೇಳದೆ ಕೇಳದೆ ಹೋಗುತ್ತವೆ. ಬಿಲ್ ಅರ್ಧಕ್ಕೆ ನಿಂತು ಕನೆಕ್ಷನ್ ಕಡಿದರೆ ಪೋಸ್ಟ್‌ಗ್ರೆಸ್ ಅದನ್ನು ಲಾಗ್‌ನಲ್ಲಿ ‘ಎರರ್’ ಅಂತ ಬರೆಯುವುದಿಲ್ಲ, ಬರೀ ‘ಲಾಗ್’ ಅಂತ ಬರೆಯುತ್ತದೆ. ‘ಎರರ್’ ಪದ ಹುಡುಕುವ ನನ್ನ ಸ್ಕ್ರಿಪ್ಟಿಗೆ ಅದು ಕಂಡೇ ಇರಲಿಲ್ಲ. ಕೋಡ್ ಹಾಕಿದ ಮೊದಲ ಜೂನ್‌ನಲ್ಲಿ ಲಾಗ್ ತೆಗೆದರೆ ಎಲ್ಲಿ ನೋಡಿದರೂ 08006. ‘ಸಾಫ್ಟ್‌ವೇರ್ ಹ್ಯಾಂಗ್ ಆಗ್ತಿದೆ’ ಅಂತ ವರ್ಷಗಟ್ಟಲೆ ಬೈಸಿಕೊಂಡಿದ್ದು ಯಾತಕ್ಕೆ ಅಂತ ಆಗ ಗೊತ್ತಾಯಿತು.

ಆತುರ ಇದ್ದವರಿಗೆ

ಒಂದೇ ಸರ್ವರ್, ಲಾಗನ್ನು ಕಣ್ಣಲ್ಲೇ ಓದುತ್ತೀರಿ, ಗ್ರೆಪ್ ಮಾಡುತ್ತೀರಿ ಅಂದರೆ ಪ್ರಿಫಿಕ್ಸ್‌ನಲ್ಲಿ, ಅಂದರೆ ಲಾಗ್ ಸಾಲಿನ ತಲೆಯಲ್ಲಿ, %ಇ ಹಾಕಿ. ಎರಡು ನಿಮಿಷದ ಕೆಲಸ. ಸರ್ವರ್‌ಗಳು ಒಂದಕ್ಕಿಂತ ಜಾಸ್ತಿ ಇದ್ದು, ಲಾಗನ್ನು ಓದುವುದು ಮನುಷ್ಯರಲ್ಲ, ಇನ್ನೊಂದು ಪ್ರೋಗ್ರಾಂ ಅಂದರೆ ಪ್ರೋಗ್ರಾಂಗೆ ಓದಲು ಸುಲಭವಾದ ಜೇಸನ್ ರೂಪದ ಲಾಗ್‌ಗೆ ಹೋಗಿ. ಎಲ್ಲವನ್ನೂ ವಿವರವಾಗಿ ಬರೆಸುವ ವರ್ಬೋಸ್ ಅನ್ನುವುದು ಜ್ವರ ಬಂದಾಗ ಇಡುವ ಥರ್ಮಾಮೀಟರ್ ಇದ್ದ ಹಾಗೆ, ದಿನವಿಡೀ ಬಾಯಲ್ಲಿಟ್ಟುಕೊಂಡು ಓಡಾಡುವುದಲ್ಲ. ಸ್ವಂತ ಕೋಡ್ ಬರೆಯುವುದು ಈ ಮೂರರ ಬದಲಿಗೆ ಅಲ್ಲ, ಅವುಗಳ ಮೇಲೆ.

ಈಗ ಒಂದೊಂದಾಗಿ.

ಮೊದಲ ದಾರಿ: ಪ್ರಿಫಿಕ್ಸ್‌ನಲ್ಲಿ %ಇ

ಲಾಗ್_ಲೈನ್_ಪ್ರಿಫಿಕ್ಸ್ ಅನ್ನುವ ಸೆಟ್ಟಿಂಗ್ ಲಾಗ್‌ನ ಪ್ರತಿ ಸಾಲಿನ ತಲೆಯಲ್ಲಿ ಏನು ಬರಬೇಕು ಅಂತ ಹೇಳುತ್ತದೆ. ಸಮಯಕ್ಕೆ %ಎಂ, ಪ್ರೋಸೆಸ್ ನಂಬರಿಗೆ %ಪಿ, ಯೂಸರ್‌ಗೆ %ಯು, ಡೇಟಾಬೇಸ್‌ಗೆ %ಡಿ. ಎರರ್ ಕೋಡಿಗೆ %ಇ. ಇದು 2010ರ 9.0ನೇ ಆವೃತ್ತಿಯಲ್ಲಿ ಬಂತು, ಹಾಗಾಗಿ ಎಷ್ಟೇ ಹಳೆಯ ಸರ್ವರ್ ಇಟ್ಟುಕೊಂಡಿದ್ದರೂ ನಿಮ್ಮಲ್ಲಿ ಇದ್ದೇ ಇರುತ್ತದೆ. ಬದಲಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಬೇಕಿಲ್ಲ, ರೀಲೋಡ್ ಸಾಕು. ಸೀಸನ್ ಮಧ್ಯದಲ್ಲಿ ಇದು ಸಣ್ಣ ವಿಷಯ ಅಲ್ಲ. ಮೂಟೆ ಹೊತ್ತು ನಿಂತವರ ಮುಂದೆ ‘ಎರಡು ನಿಮಿಷ ಸರ್ವರ್ ಆಫ್’ ಅನ್ನಲು ಧೈರ್ಯ ಬೇಕು.

ಒಂದು ಹಳ್ಳ ಇದೆ, ನಾನು ಬಿದ್ದದ್ದು. ಉಬುಂಟು, ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿದರೆ ಪ್ರಿಫಿಕ್ಸ್ ಹೀಗಿರುತ್ತದೆ:

'%ಎಂ [%ಪಿ] %ಕ್ಯೂ%ಯು@%ಡಿ '

ನಾನು ಸುಮ್ನೆ ಕೊನೆಗೆ %ಇ ಅಂಟಿಸಿದೆ. ಬಿಲ್ಲಿಂಗ್‌ನ ಎರರ್‌ಗಳಿಗೆ ಕೋಡ್ ಚೆನ್ನಾಗಿ ಬಂತು. ಆದರೆ ಆ %ಕ್ಯೂ ಇದೆಯಲ್ಲ, ಅದು ತಾನೇನೂ ಬರೆಯುವುದಿಲ್ಲ. ‘ಯೂಸರ್ ಕನೆಕ್ಷನ್ ಅಲ್ಲದ ಪ್ರೋಸೆಸ್ ಆದರೆ ಇಲ್ಲಿಗೇ ನಿಲ್ಲಿಸು’ ಅಂತ ಮಾತ್ರ ಹೇಳುತ್ತದೆ. ಚೆಕ್‌ಪಾಯಿಂಟರ್, ಆಟೋವ್ಯಾಕ್ಯೂಮ್‌ನಂಥ ಹಿನ್ನೆಲೆ ಕೆಲಸಗಾರರ ಸಾಲುಗಳಲ್ಲಿ %ಕ್ಯೂ ಆದಮೇಲೆ ಏನಿದ್ದರೂ ಬರುವುದಿಲ್ಲ. ಡಿಸ್ಕ್ ತುಂಬಿತು ಅಂತ ಕೂಗುವುದು ಎಷ್ಟೋ ಸಲ ಇವರೇ! ಅವರ ಕೋಡೇ ಇಲ್ಲ ಅಂದರೆ ಏನು ಬಂತು? ಹಾಗಾಗಿ %ಇ ಯಾವಾಗಲೂ %ಕ್ಯೂಗಿಂತ ಮುಂಚೆ ಇರಲಿ:

'%ಎಂ [%ಪಿ] %ಇ %ಕ್ಯೂ%ಯು@%ಡಿ '

ಕೊನೆಯ ಸ್ಪೇಸ್ ಮರೆಯಬೇಡಿ. ಮರೆತರೆ ಡೇಟಾಬೇಸ್ ಹೆಸರು, ‘ಎರರ್’ ಎರಡೂ ಅಂಟಿಕೊಳ್ಳುತ್ತವೆ.

ಇನ್ನೊಂದು ಎಣಿಕೆಯ ವಿಷಯ. ಪೋಸ್ಟ್‌ಗ್ರೆಸ್ ಒಂದು ತಪ್ಪಿಗೆ ಒಂದೇ ಸಾಲು ಬರೆಯುವುದಿಲ್ಲ. ‘ಎರರ್’ ಸಾಲು, ಅದರ ಕೆಳಗೆ ‘ಡೀಟೇಲ್’, ಅದರ ಕೆಳಗೆ ಆ ಕ್ವೆರಿ ಇರುವ ‘ಸ್ಟೇಟ್‌ಮೆಂಟ್’. ಮೂರಕ್ಕೂ ಪ್ರಿಫಿಕ್ಸ್ ಬರುತ್ತದೆ, ಮೂರರಲ್ಲೂ ಕೋಡ್ ಇರುತ್ತದೆ. 23505 ಅಂತ ಗ್ರೆಪ್ ಮಾಡಿ ಎಣಿಸಿದರೆ 90 ಬಂತು ಅನ್ನಿ, ನಿಜಕ್ಕೂ ಆದದ್ದು 30. ನಾನು ಒಂದು ದಿನ ಇದನ್ನು ತಿಳಿಯದೆ ಬೇಲೂರಿನ ಹುಡುಗನಿಗೆ ‘ಅಷ್ಟು ಸಲ ಯಾಕಪ್ಪ ಒತ್ತಿದೆ’ ಅಂತ ರೇಗಿಬಿಟ್ಟೆ. ಪಾಪ, ಅವನು ಒತ್ತಿದ್ದು ಅದರ ಮೂರರಲ್ಲಿ ಒಂದು ಪಾಲು. ಕೋಡಿನ ಜೊತೆ ‘ಎರರ್’ ಪದವೂ ಇರುವ ಸಾಲು ಮಾತ್ರ ಎಣಿಸಿ. ಮೇಲೆ ಹೇಳಿದ 08006ಕ್ಕೆ ಮಾತ್ರ ‘ಲಾಗ್’ ಪದ.

ಎರರ್ ಅಲ್ಲದ ಸಾಮಾನ್ಯ ಸಾಲುಗಳಲ್ಲೂ 00000 ಅಂತ ಬರುತ್ತದೆ. ಎಲ್ಲ ಸರಿ ಇದೆ ಅಂತ ಅರ್ಥ. ಮೊದಮೊದಲು ಕಣ್ಣಿಗೆ ಕಿರಿಕಿರಿ, ಆಮೇಲೆ ಅಭ್ಯಾಸ ಆಗುತ್ತದೆ. ಲಾಗನ್ನು ಸಿಸ್ಟಂನ ಸಿಸ್‌ಲಾಗ್‌ಗೆ ಕಳಿಸುವವರಿಗೂ ಇದೇ ಪ್ರಿಫಿಕ್ಸ್ ಕೆಲಸ ಮಾಡುತ್ತದೆ.

ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಲಾಗನ್ನು ಬೇರೆ ಯಾರು ಓದುತ್ತಿದ್ದಾರೆ ನೋಡಿ. ಲಾಗ್ ಓದಿ ವರದಿ ಮಾಡುವ ಪಿಜಿಬ್ಯಾಡ್ಜರ್ ಇರಬಹುದು, ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್‌ಟುಬ್ಯಾನ್ ಇರಬಹುದು, ಯಾರೋ ಹಿಂದಿನವರು ಬರೆದಿಟ್ಟ, ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಸ್ಕ್ರಿಪ್ಟ್ ಇರಬಹುದು. ಸಾಲಿನ ಆಕಾರ ಬದಲಾದರೆ ಅವು ಹೇಳದೆ ಕುರುಡಾಗುತ್ತವೆ.

ಎರಡನೇ ದಾರಿ: ವರ್ಬೋಸ್

ಲಾಗ್_ಎರರ್_ವರ್ಬೋಸಿಟಿ ಅನ್ನುವುದಕ್ಕೆ ಮೂರು ಹಂತ: ಟರ್ಸ್, ಡಿಫಾಲ್ಟ್, ವರ್ಬೋಸ್. ವರ್ಬೋಸ್ ಇಟ್ಟರೆ ‘ಎರರ್’ ಪದದ ಮುಂದೆಯೇ ಕೋಡ್ ಬರುತ್ತದೆ. ಜೊತೆಗೆ ‘ಲೊಕೇಷನ್’ ಅಂತ ಒಂದು ಸಾಲು ಜಾಸ್ತಿ. ಪೋಸ್ಟ್‌ಗ್ರೆಸ್‌ನ ಯಾವ ಸೋರ್ಸ್ ಫೈಲಿನ ಯಾವ ಫಂಕ್ಷನ್, ಎಷ್ಟನೇ ಸಾಲಿನಿಂದ ಈ ಮೆಸೇಜ್ ಹೊರಟಿತು ಅಂತ ಅದರಲ್ಲಿ ಇರುತ್ತದೆ.

ಎಣಿಕೆಯ ದೃಷ್ಟಿಯಿಂದ ಇದು %ಇಗಿಂತ ಶುದ್ಧ. ಕೋಡ್ ಒಂದು ತಪ್ಪಿಗೆ ಒಂದೇ ಸಲ. ಆದರೆ ಆ ಲೊಕೇಷನ್ ಸಾಲು ಎರರ್‌ಗಳಿಗೆ ಮಾತ್ರ ಅಲ್ಲ, ಸಾಮಾನ್ಯ ‘ಲಾಗ್’ ಮೆಸೇಜ್‌ಗಳಿಗೂ ಬರುತ್ತದೆ. ನಿಧಾನದ ಕ್ವೆರಿಗಳನ್ನು ಲಾಗ್ ಮಾಡುತ್ತಿದ್ದರೆ ಅಷ್ಟಕ್ಕೂ ಒಂದೊಂದು. ಫೈಲು ಉಬ್ಬುತ್ತದೆ. ಬಿಲ್ಲಿಂಗ್ ನೋಡಿಕೊಳ್ಳುವವರಿಗೆ ಪೋಸ್ಟ್‌ಗ್ರೆಸ್‌ನ ಸಿ ಫೈಲಿನ ಸಾಲಿನ ಸಂಖ್ಯೆ ಕಟ್ಟಿಕೊಂಡು ಏನಾಗಬೇಕು?

ಆದರೂ ಒಂದು ಗುಣ ಇದಕ್ಕಿದೆ, %ಇಗೆ ಇಲ್ಲದ್ದು. ಪ್ರಿಫಿಕ್ಸ್ ಇಡೀ ಸರ್ವರ್‌ಗೆ ಒಂದೇ. ವರ್ಬೋಸನ್ನು ಒಂದು ಡೇಟಾಬೇಸ್‌ಗೋ ಒಬ್ಬ ಯೂಸರ್‌ಗೋ ಮಾತ್ರ ಹಚ್ಚಬಹುದು. ಆಲ್ಟರ್ ಡೇಟಾಬೇಸ್, ಆಲ್ಟರ್ ರೋಲ್ ಕಮಾಂಡ್‌ನಲ್ಲಿ ಸೂಪರ್ ಯೂಸರ್ ಆಗಿ ಕೂತು ಸೆಟ್ ಮಾಡಿದರೆ ಆಯಿತು, ಹೊಸ ಕನೆಕ್ಷನ್‌ಗಳಿಗೆ ಅನ್ವಯ ಆಗುತ್ತದೆ. ನಾನು ಟೆಸ್ಟ್ ಡೇಟಾಬೇಸ್‌ಗೆ ಹೀಗೆ ಇಟ್ಟಿದ್ದೇನೆ. ಎಕ್ಸ್‌ಎಕ್ಸ್000 ಬಂದು, ಪೋಸ್ಟ್‌ಗ್ರೆಸ್‌ನವರಿಗೇ ಬಗ್ ವರದಿ ಮಾಡಬೇಕಾದಾಗ ಆ ಲೊಕೇಷನ್ ಸಾಲು ಬಂಗಾರ.

ಇನ್ನೊಂದು ತುದಿಯ ಟರ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಇಷ್ಟ. 23505 ಬಂದಾಗ ‘ಡೀಟೇಲ್’ ಸಾಲಿನಲ್ಲಿ ಯಾವ ಮೌಲ್ಯ ಎರಡನೇ ಸಲ ಬಂತು ಅಂತ ಬರೆದಿರುತ್ತದೆ. ನಮ್ಮಲ್ಲಿ ಬೆಳೆಗಾರರ ಮೊಬೈಲ್ ನಂಬರೇ ಯೂನಿಕ್ ಕೀ. ಅಂದರೆ ಲಾಗ್ ಫೈಲ್ ತುಂಬ ಬೆಳೆಗಾರರ ನಂಬರು! ಆ ಫೈಲನ್ನು ನಾನು ಯಾರಿಗೋ ಸಹಾಯ ಕೇಳಲು ವಾಟ್ಸಾಪ್ ಮಾಡಿದರೆ? ಟರ್ಸ್ ಇಟ್ಟರೆ ಡೀಟೇಲ್, ಹಿಂಟ್, ಕಾಂಟೆಕ್ಸ್ಟ್ ಸಾಲುಗಳು ಹೋಗುತ್ತವೆ. %ಇ ಹಾಕಿರುವುದರಿಂದ ಕೋಡ್ ಉಳಿಯುತ್ತದೆ. ಸ್ಟೇಟ್‌ಮೆಂಟ್ ಸಾಲು ಮಾತ್ರ ಇದಕ್ಕೆ ಬಗ್ಗುವುದಿಲ್ಲ, ಕ್ವೆರಿಯೊಳಗೆ ನೇರವಾಗಿ ಮೌಲ್ಯ ತುರುಕುವ ಅಭ್ಯಾಸ ಇದ್ದರೆ ಅಲ್ಲಿ ನಂಬರು ಕಾಣುತ್ತದೆ. ಪ್ಯಾರಾಮೀಟರ್ ಬಳಸಿ ಮೌಲ್ಯವನ್ನು ಬೇರೆಯಾಗಿ ಕಳಿಸಿದರೆ ಅದರ ಜಾಗದಲ್ಲಿ ಬರೀ ಡಾಲರ್ ಒಂದು, ಡಾಲರ್ ಎರಡು. ಆದರೆ ಡೆಡ್‌ಲಾಕ್ ಹಿಂದೆ ಬಿದ್ದಾಗ ಡೀಟೇಲ್ ಬೇಕೇ ಬೇಕು, ಯಾರು ಯಾರಿಗೆ ಅಡ್ಡ ನಿಂತರು ಅಂತ ಅಲ್ಲೇ ಬರೆದಿರುತ್ತದೆ. ಆಗ ಎರಡು ದಿನ ಡಿಫಾಲ್ಟ್‌ಗೆ ತರುತ್ತೇನೆ.

ಮೂರನೇ ದಾರಿ: ಸಿಎಸ್‌ವಿ ಅಥವಾ ಜೇಸನ್

ಲಾಗನ್ನು ಅಂಕಣ ಅಂಕಣವಾಗಿ ಬರೆಯುವ ಎರಡು ರೂಪಗಳು ಇವು. ಇವೆರಡರಲ್ಲಿ ಕೋಡ್ ಕೇಳಿ ಪಡೆಯಬೇಕಿಲ್ಲ, ತಾನಾಗಿಯೇ ಒಂದು ಅಂಕಣವಾಗಿ ಬರುತ್ತದೆ. ಸಿಎಸ್‌ವಿಯಲ್ಲಿ ಅದರ ಹೆಸರು ಎಸ್‌ಕ್ಯೂಎಲ್_ಸ್ಟೇಟ್_ಕೋಡ್, ಜೇಸನ್‌ನಲ್ಲಿ ಸ್ಟೇಟ್_ಕೋಡ್. ಸಿಎಸ್‌ವಿ 2008ರ 8.3ರಿಂದ ಇದೆ. ಜೇಸನ್ ಬಂದದ್ದು 2022ರ 15ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯ ಸರ್ವರ್ ಇದ್ದವರು ಆಸೆ ಬಿಡಿ.

ಮೂರು ಸಾಲಿನ ತಾಪತ್ರಯ ಇಲ್ಲಿಲ್ಲ. ಎರರ್, ಡೀಟೇಲ್, ಕ್ವೆರಿ ಎಲ್ಲ ಸೇರಿ ಒಂದೇ ದಾಖಲೆ. ಸಿಎಸ್‌ವಿಯ ಚಂದ ಏನೆಂದರೆ ಅದನ್ನು ಕಾಪಿ ಕಮಾಂಡ್‌ನಿಂದ ಪೋಸ್ಟ್‌ಗ್ರೆಸ್‌ನ ಟೇಬಲ್ಲಿಗೇ ತುಂಬಬಹುದು. ಆಮೇಲೆ ‘ಯಾವ ಡಿಪೋದಿಂದ ಯಾವ ಕೋಡ್ ಎಷ್ಟು’ ಅಂತ ಎಸ್‌ಕ್ಯೂಎಲ್‌ನಲ್ಲೇ ಕೇಳಬಹುದು. ಪ್ರತಿ ಡಿಪೋದ ಕನೆಕ್ಷನ್‌ಗೆ ಬೇರೆ ಬೇರೆ ಅಪ್ಲಿಕೇಷನ್ ಹೆಸರು ಕೊಟ್ಟಿದ್ದರೆ ಸಾಕು. ಆದರೆ ಕ್ವೆರಿಯೊಳಗೆ ಎಂಟರ್ ಒತ್ತಿದ್ದರೆ ಸಿಎಸ್‌ವಿಯ ಒಂದು ದಾಖಲೆ ಹತ್ತು ಸಾಲು ಆಗಿಬಿಡುತ್ತದೆ, ಗ್ರೆಪ್‌ಗೆ ಅದು ಅರ್ಥ ಆಗುವುದಿಲ್ಲ. ಜೇಸನ್‌ನಲ್ಲಿ ದಾಖಲೆ ಎಷ್ಟು ಉದ್ದ ಇದ್ದರೂ ಒಂದೇ ಸಾಲು. ಜೇಸನ್‌ನಲ್ಲಿ ಬೇಕಾದ್ದನ್ನು ಹೆಕ್ಕುವ ಜೆಕ್ಯೂ ಅನ್ನುವ ಕಮಾಂಡ್ ಗೊತ್ತಿದ್ದವರಿಗೆ ಹಬ್ಬ. ಒಂದು ವ್ಯತ್ಯಾಸ ನೆನಪಿರಲಿ: ಎರರ್ ಅಲ್ಲದ ಸಾಲಿಗೆ ಸಿಎಸ್‌ವಿ 00000 ಬರೆಯುತ್ತದೆ, ಜೇಸನ್‌ನಲ್ಲಿ ಆ ಕೀಯೇ ಇರುವುದಿಲ್ಲ.

ಕಣ್ಣಲ್ಲಿ ಓದಲು ಎರಡೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಮೊಬೈಲ್‌ನಲ್ಲೇ ಸರ್ವರ್‌ಗೆ ಹೊಕ್ಕು ಜೇಸನ್ ಓದಿ ನೋಡಿ, ಗೊತ್ತಾಗುತ್ತದೆ.

ನನ್ನ ಕೈ ಸುಟ್ಟದ್ದು ಇಲ್ಲೇ. ಈ ಎರಡಕ್ಕೂ ಲಾಗನ್ನು ಫೈಲಿಗೆ ತುಂಬುವ ಲಾಗಿಂಗ್_ಕಲೆಕ್ಟರ್ ಆನ್ ಇರಬೇಕು. ಉಬುಂಟುವಿನಲ್ಲಿ ಅದು ಆಫ್ ಇರುತ್ತದೆ. ಆನ್ ಮಾಡಲು ಸರ್ವರ್ ರೀಸ್ಟಾರ್ಟ್ ಬೇಕು, ರೀಲೋಡ್ ಸಾಲದು. ಅದನ್ನು ಒಂದು ಭಾನುವಾರ ಮಾಡಿದೆ. ಮಾಡಿದ ಮೇಲೆ ಲಾಗ್ ಫೈಲುಗಳ ಜಾಗವೇ ಬದಲಾಯಿತು. ಮುಂಚೆ ವಾರ್ ಫೋಲ್ಡರಿನ ಲಾಗ್‌ನಲ್ಲಿ ಬರುತ್ತಿದ್ದದ್ದು ಈಗ ಡೇಟಾ ಡೈರೆಕ್ಟರಿಯ ಒಳಗಿನ ಲಾಗ್ ಫೋಲ್ಡರಿಗೆ ಹೋಗುತ್ತಿತ್ತು. ಹಳೆಯ ಜಾಗವನ್ನು ಉಬುಂಟುವಿನ ಲಾಗ್‌ರೊಟೇಟ್ ಗುಡಿಸುತ್ತಿತ್ತು, ಹೊಸ ಜಾಗವನ್ನು ಗುಡಿಸುವವರು ಯಾರೂ ಇಲ್ಲ. ಕಲೆಕ್ಟರ್ ದಿನಕ್ಕೊಂದು ಅಥವಾ ಹತ್ತು ಎಂಬಿಗೊಂದು ಹೊಸ ಫೈಲ್ ತೆರೆಯುತ್ತದೆ, ನಿಜ. ಹಳೆಯದನ್ನು ಅಳಿಸುವುದಿಲ್ಲ.

ಜನವರಿಯಲ್ಲಿ ಡಿಸ್ಕ್ ತುಂಬಿತು. ಸರ್ವರ್ ಮಲಗಿತು. 53100 ಬಂದರೆ ನನಗೆ ಎಸ್ಎಂಎಸ್ ಬರಲಿ ಅಂತ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಬರಲಿಲ್ಲ. ಯಾಕೆ ಗೊತ್ತಾ? ಡಿಸ್ಕ್ ತುಂಬಿದೆ ಅಂತ ಬರೆಯಬೇಕಾದ ಲಾಗ್ ಕೂಡ ಅದೇ ಡಿಸ್ಕ್‌ನಲ್ಲಿತ್ತು. ಬರೆಯಲು ಅದಕ್ಕೂ ಜಾಗ ಇರಲಿಲ್ಲ.

ಈಗ ಲಾಗ್ ಬೇರೆ ಪಾರ್ಟಿಷನ್‌ನಲ್ಲಿದೆ. ಫೈಲಿನ ಹೆಸರಿನಲ್ಲಿ ವಾರದ ಹೆಸರು ಬರುವ ಹಾಗೆ ಮಾಡಿ, ಲಾಗ್_ಟ್ರಂಕೇಟ್_ಆನ್_ರೊಟೇಷನ್ ಆನ್ ಮಾಡಿದ್ದೇನೆ. ಮುಂದಿನ ಸೋಮವಾರ ಬಂದರೆ ಹಿಂದಿನ ಸೋಮವಾರದ್ದರ ಮೇಲೆ ಬರೆಯುತ್ತದೆ, ಏಳೇ ದಿನದ್ದು ಉಳಿಯುತ್ತದೆ. ಗಾತ್ರದ ಮಿತಿಯನ್ನು ಸೊನ್ನೆ ಮಾಡಿದ್ದೇನೆ, ಇಲ್ಲದಿದ್ದರೆ ದಿನದ ಲೆಕ್ಕ, ಗಾತ್ರದ ಲೆಕ್ಕ ಎರಡೂ ಸೇರಿ ಗೋಜಲಾಗುತ್ತವೆ. ಜೊತೆಗೆ ಡಿಸ್ಕ್ ಜಾಗ ನೋಡುವ ಕೆಲಸವನ್ನು ಲಾಗ್‌ಗೆ ಬಿಡದೆ ಬೇರೆ ಸ್ಕ್ರಿಪ್ಟಿಗೆ ಕೊಟ್ಟಿದ್ದೇನೆ.

ನಾಲ್ಕನೇ ದಾರಿ: ನಮ್ಮದೇ ಕೋಡ್

ಪೋಸ್ಟ್‌ಗ್ರೆಸ್‌ಗೆ ಕಾಫಿ ಗೊತ್ತಿಲ್ಲ. ಪಾರ್ಚ್‌ಮೆಂಟ್‌ನ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ) ತೇವಾಂಶ ನಿಗದಿಗಿಂತ ಜಾಸ್ತಿ ಇದ್ದರೆ ಬಿಲ್ ಆಗಬಾರದು, ಕ್ಲೋಸ್ ಆದ ವರ್ಷದ ಸ್ಟಾಕ್ ಮುಟ್ಟಬಾರದು, ಚೆರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಬಿಲ್ಲಿಗೆ ಪಾರ್ಚ್‌ಮೆಂಟ್ ದರ ಹಾಕಬಾರದು. ಇವೆಲ್ಲ ನಮ್ಮ ಫಂಕ್ಷನ್‌ನೊಳಗೆ ರೇಸ್ ಎಕ್ಸೆಪ್ಶನ್ ಹಾಕಿ, ಅಂದರೆ ನಾವೇ ಎರರ್ ಎಬ್ಬಿಸಿ, ತಡೆಯುವ ವಿಷಯ. ಕೋಡ್ ಕೊಡದೆ ರೇಸ್ ಮಾಡಿದರೆ ಎಲ್ಲಕ್ಕೂ ಪಿ0001 ಅಂತ ಒಂದೇ ಕೋಡ್ ಬೀಳುತ್ತದೆ. ತೇವಾಂಶವೂ ಅದೇ, ದರವೂ ಅದೇ. ಎಲ್ಲರಿಗೂ ಒಂದೇ ಹೆಸರಿಟ್ಟ ಹಾಗೆ.

ಯೂಸಿಂಗ್ ಎರ್‌ಕೋಡ್ ಅಂತ ಬರೆದು ನಿಮ್ಮದೇ ಐದು ಅಕ್ಷರ ಕೊಡಬಹುದು. ಅಂಕಿ ಮತ್ತು ಇಂಗ್ಲಿಷ್‌ನ ದೊಡ್ಡ ಅಕ್ಷರ ಮಾತ್ರ ನಡೆಯುತ್ತವೆ, 00000 ಒಂದು ಬಿಟ್ಟು. ನಾನು ಅಭಿಮಾನದಿಂದ ಹಾಸನದ ಎಚ್‌ಎಸ್ ಇಟ್ಟು ಎಚ್‌ಎಸ್001 ಅಂತ ಶುರು ಮಾಡಿದ್ದೆ. ಆಮೇಲೆ ಓದಿದರೆ 0ಯಿಂದ 4 ಮತ್ತು ಎಯಿಂದ ಎಚ್‌ವರೆಗಿನ ಅಕ್ಷರದಿಂದ ಶುರುವಾಗುವ ಮನೆತನಗಳು ಸ್ಟ್ಯಾಂಡರ್ಡ್‌ಗೇ ಮೀಸಲು. ಎಚ್ ಕೂದಲೆಳೆಯಲ್ಲಿ ಒಳಗೆ ಬಿತ್ತು. ಕೆ ಹೊರಗಿದೆ, ಹಾಗಾಗಿ ಈಗ ಕಾಫಿಯ ಹೆಸರಲ್ಲಿ ಕೆಎಫ್001, ಕೆಎಫ್002. ಚಿಕ್ಕಮಗಳೂರಿನವರಿಗೂ ಬೇಜಾರಿಲ್ಲ. ಕೊನೆಯ ಮೂರು ಸೊನ್ನೆ ಇರುವ ಕೋಡ್ ಇಡಬೇಡಿ, ಅದು ಇಡೀ ಮನೆತನದ ಹೆಸರು ಅಂತ ಲೆಕ್ಕ.

ಜಾಸ್ತಿ ಮಾಡಬೇಡಿ. ನಮ್ಮಲ್ಲಿ ಏಳು ಕೋಡ್ ಇವೆ, ಅಷ್ಟೂ ಒಂದು ಕಾಗದದ ಮೇಲೆ ಹಿಡಿಯುತ್ತವೆ. ಪೋಸ್ಟ್‌ಗ್ರೆಸ್ ತಾನೇ ಕೊಡುವ ಕೋಡ್ ಇದ್ದ ಕಡೆ ಹೊಸದು ಹುಟ್ಟಿಸುವುದು ದಂಡ. ಇನ್ನೊಂದು, ಫಂಕ್ಷನ್‌ನಲ್ಲಿ ‘ವೆನ್ ಅದರ್ಸ್’ ಅಂತ ಹಾಕಿ ಎಲ್ಲ ಎರರನ್ನೂ ನುಂಗುವ ಚಾಳಿ ಇದ್ದರೆ ಬಿಡಿ. ನುಂಗಿದ ಎರರ್ ಲಾಗ್‌ಗೆ ಬರುವುದೇ ಇಲ್ಲ. ಆಮೇಲೆ ಯಾವ ಪ್ರಿಫಿಕ್ಸ್ ಹಾಕಿದರೂ ಅಷ್ಟೇ.

ನಿಮ್ಮದು ಮೈಎಸ್‌ಕ್ಯೂಎಲ್ ಆದರೆ

ಅದು ಬೇರೆ ಡೇಟಾಬೇಸ್, ಲೆಕ್ಕವೇ ಬೇರೆ. ಮೈಎಸ್‌ಕ್ಯೂಎಲ್ 8.0ರಿಂದ ಎರರ್ ಲಾಗ್‌ನಲ್ಲಿ ಎಂವೈ-010068 ಥರದ ಕೋಡ್ ತಾನಾಗಿಯೇ ಬರುತ್ತದೆ. ಬೇಡದ ಕೋಡನ್ನು ಲಾಗ್_ಎರರ್_ಸಪ್ರೆಷನ್_ಲಿಸ್ಟ್‌ಗೆ ಹಾಕಿ ಸುಮ್ಮನಿರಿಸಲೂಬಹುದು. ನೋಡಲು ಎಲ್ಲ ರೆಡಿ ಇದ್ದಂತೆ ಕಾಣುತ್ತದೆ.

ಆದರೆ ಅದು ಸರ್ವರ್‌ನ ಆರೋಗ್ಯದ ಲಾಗ್ ಮಾತ್ರ. ಒಂದೇ ಬಿಲ್ ಎರಡು ಸಲ ಹಾಕಿದರೆ ಬರುವ 1062 ಅಲ್ಲಿ ಬರುವುದಿಲ್ಲ. ಅದು ನೇರ ಅಪ್ಲಿಕೇಷನ್‌ಗೆ ಹೋಗುತ್ತದೆ, ಅಲ್ಲಿ ಹಿಡಿದರೆ ಉಂಟು. ಒಟ್ಟು ಎಷ್ಟು ಸಲ ಬಂತು ಅನ್ನುವ ಲೆಕ್ಕ ಪರ್ಫಾರ್ಮೆನ್ಸ್ ಸ್ಕೀಮಾದ ಈವೆಂಟ್ಸ್_ಎರರ್ಸ್ ಟೇಬಲ್‌ಗಳಲ್ಲಿ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿಯವರಿಗೆ ಎಸ್‌ಕ್ಯೂಎಲ್_ಎರರ್_ಲಾಗ್ ಅನ್ನುವ ಪ್ಲಗಿನ್ ಇದೆ, ಹಾಕಿಕೊಂಡರೆ ಕೋಡ್, ಮೆಸೇಜ್, ಕ್ವೆರಿ ಮೂರೂ ಬೇರೆ ಫೈಲಿಗೆ ಬೀಳುತ್ತವೆ.

ಮೈಎಸ್‌ಕ್ಯೂಎಲ್‌ನಲ್ಲಿ ಐದಕ್ಷರದ ಎಸ್‌ಕ್ಯೂಎಲ್‌ಸ್ಟೇಟ್ ನಂಬಿ ಕೂರಬೇಡಿ. ಡ್ಯೂಪ್ಲಿಕೇಟ್‌ನ 1062ಕ್ಕೂ ಫಾರಿನ್ ಕೀಯ 1452ಕ್ಕೂ ಅದು ಒಂದೇ: 23000. ಅಲ್ಲಿ ನಾಲ್ಕಂಕಿಯ ನಂಬರೇ ಸರಿಯಾದ ಗುರುತು.

ಯಾವ ಕೋಡ್ ಬಂದರೆ ಯಾರು ಏಳಬೇಕು

ಕೋಡ್ ಬಂದಮೇಲೆ ಅದನ್ನು ಏನು ಮಾಡುತ್ತೀರಿ ಅನ್ನುವುದರ ಮೇಲೆ ದಾರಿಯೂ ನಿರ್ಧಾರ ಆಗುತ್ತದೆ. ನನ್ನ ಸ್ಕ್ರಿಪ್ಟ್ ಮೊದಲ ಎರಡು ಅಕ್ಷರ ಮಾತ್ರ ನೋಡುತ್ತದೆ. 53, 58 (ಪೋಸ್ಟ್‌ಗ್ರೆಸ್‌ನ ಹೊರಗೆ, ಸಿಸ್ಟಂನಲ್ಲೇ ತೊಂದರೆ), ಎಕ್ಸ್‌ಎಕ್ಸ್ ಬಂದರೆ ರಾತ್ರಿಯಾದರೂ ನನ್ನನ್ನು ಎಬ್ಬಿಸುತ್ತದೆ. 22, 23 ಬೆಳಿಗ್ಗೆ ಕಾಫಿ ಜೊತೆ ನೋಡುವ ಪಟ್ಟಿಗೆ. 42 ಬಂದರೆ ನಿನ್ನೆ ಏನು ಅಪ್‌ಡೇಟ್ ಮಾಡಿದೆ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. 28 ಒಂದೆರಡು ಬಂದರೆ ಯಾರೋ ಪಾಸ್‌ವರ್ಡ್ ಮರೆತಿದ್ದಾರೆ, ನೂರಾರು ಬಂದರೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ. 40 ಬಂದರೆ ಅಪ್ಲಿಕೇಷನ್ ತಾನೇ ಮೂರು ಸಲ ಮತ್ತೆ ಪ್ರಯತ್ನಿಸುತ್ತದೆ, ನನಗೆ ಹೇಳುವುದೇ ಇಲ್ಲ. ಇಷ್ಟಕ್ಕೆ ಒಂದು ಶೆಲ್ ಸ್ಕ್ರಿಪ್ಟ್ ಮತ್ತು %ಇ ಸಾಕಾಗಿವೆ. ಹಾಗಾಗಿ ಜೇಸನ್‌ನಿಂದ ನಾನು ವಾಪಸ್ ಬಂದಿದ್ದೇನೆ. ಎರಡನೇ ಸರ್ವರ್ ಬಂದ ದಿನ ಮತ್ತೆ ಹೋಗುತ್ತೇನೆ.

ಕೊನೆಗೆ ಸ್ಕ್ರೀನ್. ಪೋಸ್ಟ್‌ಗ್ರೆಸ್ ಕೋಡನ್ನು ಲಾಗ್‌ಗೆ ಬರೆಯಲಿ ಬಿಡಲಿ, ಅಪ್ಲಿಕೇಷನ್‌ಗೆ ಯಾವಾಗಲೂ ಕಳಿಸುತ್ತದೆ. ಪೈಥಾನ್‌ನ ಸೈಕೋಪಿಜಿ2ರಲ್ಲಿ ಅದು ಪಿಜಿಕೋಡ್, ಜಾವಾದಲ್ಲಿ ಗೆಟ್‌ಎಸ್‌ಕ್ಯೂಎಲ್‌ಸ್ಟೇಟ್. ಕೆಂಪು ಡಬ್ಬಿಯಲ್ಲಿ ಇಂಗ್ಲಿಷ್ ವಾಕ್ಯ ತೆಗೆದು ಆ ಐದು ಅಕ್ಷರವನ್ನು ದೊಡ್ಡದಾಗಿ ಹಾಕಿದೆ, ಕೆಳಗೆ ಕನ್ನಡದಲ್ಲಿ ಒಂದು ಸಾಲು. ಅದೇ ಕೋಡ್ ಲಾಗ್‌ನಲ್ಲೂ ಇರುವುದರಿಂದ ಫೋನಿನಲ್ಲಿ ಹೇಳಿದ್ದನ್ನು ಹುಡುಕಲು ಅರ್ಧ ನಿಮಿಷ. ಡಿಪೋ ಹುಡುಗರು ಐದೂ ಓದುವುದಿಲ್ಲ. ಮೊದಲೆರಡಕ್ಕೇ ಹೆಸರಿಟ್ಟುಕೊಂಡಿದ್ದಾರೆ.

ಹೋದ ಸೀಸನ್‌ನಲ್ಲಿ ಮೂಡಿಗೆರೆಯಿಂದ ಫೋನ್ ಬಂತು.

“ಅಣ್ಣಾ, ಇಪ್ಪತ್ಮೂರು ಬಂತು. ನೆಟ್ ಸ್ಲೋ ಇತ್ತು ಅಂತ ನಾನೇ ಎರಡು ಸಲ ಸೇವ್ ಒತ್ಬಿಟ್ಟೆ ಅನ್ಸುತ್ತೆ. ಬಿಲ್ ಇದೆ, ನೋಡಿದೆ. ಸುಮ್ನೆ ಹೇಳೋಣ ಅಂತ ಮಾಡಿದ್ದು.”